ತಡವಾಗಿ ಸಂಸತ್ತು ಕಂಡ ದಿನಕರ ದೇಸಾಯಿ

ದಿನಕರ ದೇಸಾಯಿಯವರನ್ನು ಹೆಚ್ಚಿನವರು ಬಲ್ಲದ್ದು ಚುಟುಕಗಳಿಂದ, ಇಲ್ಲವೇ ಶಾಲೆಯಲ್ಲಿ ಬಾಯಿಪಾಠ ಮಾಡಿದ ಗಡಿಯಾರದ ಪದ್ಯದಿಂದ. ‘ಲೋಕಸಭಾ ಸದಸ್ಯರೂ ಆಗಿದ್ದರು’ ಎಂಬ ಮಾತು ಪರಿಚಯದ ಕೊನೆಗೆ ಎಲ್ಲೋ ಬರುತ್ತದೆ. 1967ರಲ್ಲಿ ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದಾಗ ಅವರಿಗೆ 57 ವರ್ಷ. ಆ ಲೋಕಸಭೆ ಅವಧಿಗೆ ಮೊದಲೇ, 1970ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ನಾಲ್ಕು ವರ್ಷವೂ ತುಂಬದ ಈ ಸದಸ್ಯತ್ವಕ್ಕಿಂತ ಅದರ ಹಿಂದಿನ ಮೂವತ್ತು ವರ್ಷಗಳೇ ಅವರನ್ನು ಕಾರವಾರ, ಅಂಕೋಲೆಗಳ ಪ್ರತಿನಿಧಿಯನ್ನಾಗಿ ಮಾಡಿದ್ದವು ಎಂದು ನನಗನ್ನಿಸುತ್ತದೆ.

ಅಂಕೋಲಾ ತಾಲೂಕಿನಲ್ಲಿ 1909ರಲ್ಲಿ ಹುಟ್ಟಿದ ದೇಸಾಯಿ ಮುಂಬಯಿಯಲ್ಲಿ ಎಂ.ಎ., ಕಾನೂನು ಓದಿದರು. ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರ ಕುರಿತು ಇಂಗ್ಲಿಷಿನಲ್ಲಿ ಸಂಶೋಧನ ಗ್ರಂಥ ಬರೆದರು. ಹಳೆಯ ಸಾಮಂತರನ್ನು ಶಾಸನಗಳಲ್ಲಿ ಹುಡುಕುತ್ತಿದ್ದವರಿಗೆ ಊರಿಗೆ ಬಂದರೆ ಬದುಕಿರುವ ಸಾಮಂತರೇ ಎದುರಾಗುತ್ತಿದ್ದಿರಬೇಕು!

ಆಗ ಈ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಗೇಣಿಯಲ್ಲಿ ಎರಡು ಬಗೆ. ಮೂಲಗೇಣಿದಾರನಿಗೆ ನೆಲದ ಮೇಲೆ ಕಾಯಂ ಹಕ್ಕು; ಚಾಲಗೇಣಿದಾರ ಉಳುತ್ತಿದ್ದದ್ದು ಒಡೆಯನ ಮರ್ಜಿ ಇರುವವರೆಗೆ. ಮಳೆ ಕೈಕೊಟ್ಟರೂ ಗಜನಿಗೆ ಉಪ್ಪುನೀರು ನುಗ್ಗಿದರೂ ಒಡೆಯನ ಮನೆಗೆ ಭತ್ತ ಅಳೆಯಲೇಬೇಕು. ಹಾಲಕ್ಕಿ ಒಕ್ಕಲಿಗರ ಎಷ್ಟೋ ಕುಟುಂಬಗಳು ಹೀಗೇ ತಲೆಮಾರು ಕಳೆದಿದ್ದವು. ಅಂಕೋಲೆಯೆಂದರೆ ನಮಗೆ ಥಟ್ಟನೆ ನೆನಪಾಗುವುದು 1930ರ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ನಡೆದ ಕರನಿರಾಕರಣೆ. ಜಮೀನು ಜಪ್ತಿಯಾದರೂ ಬಗ್ಗದವರ ಕಥೆ ಅದು, ಹೆಮ್ಮೆ ಪಡಬೇಕಾದದ್ದೇ. ಆದರೆ ಸರಕಾರಕ್ಕೆ ಕರ ಕೊಡುವವನ ಕಷ್ಟ ಬೇರೆ, ಒಡೆಯನಿಗೆ ಗೇಣಿ ಕೊಡುವವನ ಕಷ್ಟ ಬೇರೆ. ಎರಡನೆಯವನ ಬಗ್ಗೆ ಮಾತಾಡಲು ಬ್ರಿಟಿಷರನ್ನಷ್ಟೇ ಎದುರಿಸಿದರೆ ಸಾಲದು, ನೆಂಟರನ್ನೂ ನೆರೆಯವರನ್ನೂ ಎದುರು ಹಾಕಿಕೊಳ್ಳಬೇಕು. ದೇಸಾಯಿ ಮತ್ತು ಸಂಗಡಿಗರು ರೈತಕೂಟ ಕಟ್ಟಿ ಉಳುವವನೇ ಹೊಲದೊಡೆಯ ಎಂದಾಗ ಆದದ್ದು ಅದೇ. 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದಲೇ ಐದು ವರ್ಷ ಗಡಿಪಾರು ಮಾಡಿತು. ಮುಂದೆ ಈ ಜಿಲ್ಲೆಯ ಪರವಾಗಿ ದಿಲ್ಲಿಗೆ ಹೋಗಲಿದ್ದ ಮನುಷ್ಯನಿಗೆ ಗಂಗಾವಳಿ ದಾಟಿ ಸ್ವಂತ ಊರಿಗೆ ಬರುವ ಹಾಗಿರಲಿಲ್ಲ.

ಮುಂಬಯಿ ಬರಿಯ ಆಶ್ರಯವಾಗಿರಲಿಲ್ಲ. ಅಲ್ಲಿ ಹಡಗಿನ ಕೆಲಸಗಾರರನ್ನು ಸಂಘಟಿಸಿದರು. ಭಾರತದ ನಾವಿಕ ಕಾರ್ಮಿಕರ ಕುರಿತು ಪುಸ್ತಕ ಬರೆದರು.

ಅವರು ಸೇರಿದ್ದ ಭಾರತ ಸೇವಕ ಸಮಾಜವನ್ನು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದವರು ಗೋಪಾಲಕೃಷ್ಣ ಗೋಖಲೆ. ಗೋಖಲೆ 1911ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಮಂಡಿಸಿದ್ದರು. ಮರುವರ್ಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಪ್ರಾಥಮಿಕ ಶಿಕ್ಷಣದ ಮೇಲೆ ಗ್ರಂಥ ಬರೆದ ದೇಸಾಯಿಯವರಿಗೆ ಈ ಸೋಲು ಚೆನ್ನಾಗಿ ಗೊತ್ತಿತ್ತು. ಕಾನೂನು ಬರಲಿ ಎಂದು ಅವರು ಕಾಯಲಿಲ್ಲ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹೈಸ್ಕೂಲುಗಳನ್ನು ತೆರೆಯುತ್ತ ಹೋದರು. ಗೇಣಿದಾರರ, ಮೀನುಗಾರರ ಮಕ್ಕಳು ಮನೆಯಿಂದ ನಡೆದು ಹೋಗುವಷ್ಟು ಹತ್ತಿರಕ್ಕೆ ಶಾಲೆ ಬಂತು. ಗೋಖಲೆ ಹುಟ್ಟಿ ನೂರು ವರ್ಷ ತುಂಬಿದ 1966ರಲ್ಲಿ ಅಂಕೋಲೆಯಲ್ಲಿ ಆರಂಭವಾದ ಕಾಲೇಜಿಗೆ ಗೋಖಲೆ ಸೆಂಟಿನರಿ ಎಂಬ ಹೆಸರಾಯಿತು.

ಮರುವರ್ಷವೇ ಚುನಾವಣೆ. 1952ರಿಂದ ಸತತ ಮೂರು ಸಲ ಕಾಂಗ್ರೆಸ್ಸಿನ ಜೋಕಿಂ ಆಳ್ವರನ್ನು ಕಳಿಸಿದ್ದ ಕ್ಷೇತ್ರ ಈ ಸಲ ಯಾವ ಪಕ್ಷದ ಬಲವೂ ಇಲ್ಲದ ಒಬ್ಬರನ್ನು ಆರಿಸಿತು. ಗಡಿಯ ಪ್ರಶ್ನೆ ಬಿಸಿಯಾಗಿದ್ದ ಕಾಲ ಅದು. ಕಾರವಾರ ತನಗೆ ಬೇಕೆಂದು ಮಹಾರಾಷ್ಟ್ರ ಕೇಳುತ್ತಿತ್ತು. ಅದೇ ವರ್ಷ ವರದಿ ಕೊಟ್ಟ ಮಹಾಜನ ಆಯೋಗ ಒಪ್ಪಲಿಲ್ಲ. ಕೊಂಕಣಿ, ಮರಾಠಿ, ಕನ್ನಡ ಮೂರೂ ಕೇಳುವ ಕಾರವಾರದ ಪೇಟೆಗೂ ಹಾಲಕ್ಕಿ ಕನ್ನಡದ ಅಂಕೋಲೆಯ ಕೊಪ್ಪಗಳಿಗೂ ಒಬ್ಬನೇ ಪ್ರತಿನಿಧಿಯಾಗುವುದು ಸುಲಭದ ಕೆಲಸವಲ್ಲ. ನನ್ನ ಲೆಕ್ಕದಲ್ಲಿ ಆ ಗೆಲುವಿಗೆ ಭಾಷಣಕ್ಕಿಂತ ಶಾಲೆಯ ಹಾಜರಿ ಪುಸ್ತಕಗಳೇ ಹೆಚ್ಚು ದುಡಿದಿರಬೇಕು.

1971ರಲ್ಲಿ ಕ್ಷೇತ್ರ ಕಾಂಗ್ರೆಸ್ಸಿನ ಬಿ.ವಿ. ನಾಯಕರದಾಯಿತು. ದೇಸಾಯಿ ತಮ್ಮ ‘ಜನಸೇವಕ’ ವಾರಪತ್ರಿಕೆ, ಶಾಲೆ, ಚುಟುಕಗಳ ನಡುವೆ ಉಳಿದರು. ನಾಲ್ಕು ಸಾಲಿನೊಳಗೆ ಮಂತ್ರಿಯನ್ನೂ ಮಠವನ್ನೂ ತಮ್ಮನ್ನೂ ಗೇಲಿ ಮಾಡುವ ಆ ಪದ್ಯಗಳನ್ನು ಬಿಡುವಿನ ವಿನೋದವೆಂದು ಬದಿಗಿಡುವ ವಿಮರ್ಶಕರಿದ್ದಾರೆ. ಪತ್ರಿಕೆಯ ಮೂಲೆಯಲ್ಲಿ ಓದಿ, ಚಹಾ ಅಂಗಡಿಯಲ್ಲಿ ಬಾಯಿಂದ ಬಾಯಿಗೆ ದಾಟಿಸಬಹುದಾದ ಪದ್ಯ ಅದು. ಮನವಿ ಬರೆಯಲು ಬಾರದವನಿಗೂ ನೆನಪಿರುತ್ತದೆ. ಅದನ್ನೂ ಪ್ರತಿನಿಧಿಯ ಕೆಲಸವೆಂದೇ ಓದಬೇಕು.

ದೇವರಾಜ ಅರಸರ ಸರಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ಕಾನೂನು ಪಾಸು ಮಾಡಿದ ವಿಧಾನಸಭೆಯಲ್ಲಿ ದೇಸಾಯಿ ಇರಲಿಲ್ಲ. ಅಂಕೋಲೆಯ ಚಾಲಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಿಡಿದು ತಾಲೂಕು ಕಚೇರಿಯ ಮುಂದೆ ನಿಂತರು. ಅರ್ಜಿ ತುಂಬಲು ಜೊತೆಗೆ ಬಂದಿದ್ದ ಮಕ್ಕಳಲ್ಲಿ ಹಲವರು ಟ್ರಸ್ಟಿನ ಹೈಸ್ಕೂಲುಗಳಲ್ಲಿ ಓದಿದವರಾಗಿದ್ದಿರಬೇಕು.