ಪೇಟಿ ಇಲ್ಲದ ರೇಡಿಯೋ

ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಗೊತ್ತು: ಕಂಪನಿ ನಾಟಕ ಅಂದ್ರೆ ಪೇಟಿಯ ಸದ್ದು. ಆದ್ರೆ ಆಲ್ ಇಂಡಿಯಾ ರೇಡಿಯೋ 1940ರಲ್ಲೇ ಹಾರ್ಮೋನಿಯಂ ನಿಷೇಧಿಸಿತ್ತು. ರಾಗದ ಮೀಂಡ್ ಅದರಲ್ಲಿ ಬರಲ್ಲ ಅನ್ನೋದು ಒಂದು ಕಾರಣ. ಹಾಗಾಗಿ 1950ರಲ್ಲಿ ಧಾರವಾಡ ಕೇಂದ್ರ ಶುರುವಾದಾಗ ಇಳಕಲ್ಲು, ಹುನಗುಂದದ ಕಿವಿಗಳಿಗೆ ಒಗ್ಗಿದ್ದ ವಾದ್ಯಕ್ಕೆ ಅಲ್ಲಿ ಜಾಗವಿರಲಿಲ್ಲ.

1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡಿಗೂ ಕತ್ತರಿ ಹಾಕಿದರು. ಇದೇ ಸೀಮೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹೆಸರು ಮಾಡಿದ್ದು ಸಿನಿಮಾದಲ್ಲೇ! ಜನ ಜಗಳ ಆಡಲಿಲ್ಲ. ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅವರನ್ನ ವಾಪಸ್ ಕರೆಯೋಕೆ 1957ರಲ್ಲಿ ವಿವಿಧ ಭಾರತಿ ಬೇಕಾಯ್ತು. ಪೇಟಿಯ ನಿಷೇಧ ಸಡಿಲವಾಗಿದ್ದು 1971ರಲ್ಲಿ.

ಬಾಗಲಕೋಟೆಯಂಥ ಊರಿನ ಎಫ್‌ಎಂಗೆ ಇವತ್ತು ಪ್ಲೇಲಿಸ್ಟ್ ಯಾರು ಮಾಡಬೇಕು? ಬೆಂಗಳೂರಿನ ಲ್ಯಾಪ್‌ಟಾಪಿನಲ್ಲೇ ತಯಾರಾದರೆ ಅದೂ ಒಂದು ನಿಷೇಧವೇ. ಆದೇಶ ಇರಲ್ಲ, ಅಷ್ಟೇ.