ಸಂಸ್ಥೆಯ ಮಾನವೋ, ಮಕ್ಕಳ ಮಾನವೋ?

ಉಸ್ತಾದರ ಕೈಗೆ ಒಪ್ಪಿಸಿದ ಮಗು ಅವರ ಬಳಿಯಿರುವ ಅಮಾನತ್ತು ಎಂದೇ ನಾವು ನಂಬುತ್ತೇವೆ. ಮದರಸವಿರಲಿ, ಗರಡಿಮನೆಯಿರಲಿ, ಈಜುಕೊಳವಿರಲಿ, ತಂದೆತಾಯಿ ಆ ನಂಬಿಕೆಯಿಂದಲೇ ಮಕ್ಕಳನ್ನು ಬಿಟ್ಟು ಮನೆಗೆ ಮರಳುತ್ತಾರೆ. ಅಮಾನತ್ತಿಗೆ ದ್ರೋಹವಾಯಿತೆಂಬ ದೂರು ಬಂದಾಗ ಆ ಉಸ್ತಾದರನ್ನು ನೇಮಿಸಿದ ಸಂಸ್ಥೆ ಏನು ಮಾಡುತ್ತದೆ? ಐರ್ಲೆಂಡಿನ ಈಜು ಸಂಸ್ಥೆಯ ಇತಿಹಾಸದಲ್ಲಿ ಇದಕ್ಕೆ ಕಹಿಯಾದ ಉತ್ತರವಿದೆ.

ಜಾರ್ಜ್ ಗಿಬ್ನಿ 1980ರ ದಶಕದಲ್ಲಿ ಆ ದೇಶದ ರಾಷ್ಟ್ರೀಯ ಈಜು ತರಬೇತುದಾರ. ಬಾಲ್ಯದಲ್ಲಿ ಆತನಿಂದ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೆನೆಂದು ಚಾಕಿ ವೈಟ್ ಎಂಬ ತರಬೇತುದಾರರು 1990ರ ದಶಕದ ಆರಂಭದಲ್ಲಿ ಒಲಿಂಪಿಕ್ ಈಜುಗಾರ ಗ್ಯಾರಿ ಒಟೂಲ್ ಅವರಿಗೆ ಹೇಳಿದರು. ಒಟೂಲ್ ಹಳೆಯ ಈಜುಗಾರರನ್ನು ಹುಡುಕಿ ವಿಚಾರಿಸಿದರು. ಹಲವರು ಪೊಲೀಸರ ಮುಂದೆ ಹೇಳಿಕೆ ಕೊಟ್ಟರು. 1993ರಲ್ಲಿ ಗಿಬ್ನಿಯ ಮೇಲೆ 27 ಆರೋಪಗಳು ದಾಖಲಾದವು. ಆದರೆ ಘಟನೆಗಳು ಬಹಳ ಹಳೆಯವು ಎಂಬ ವಾದ ನ್ಯಾಯಾಲಯದಲ್ಲಿ ಗೆದ್ದಿತು. 1994ರಲ್ಲಿ ವಿಚಾರಣೆಯೇ ನಿಂತುಹೋಯಿತು. ಆತ ದೇಶ ಬಿಟ್ಟ.

ಆತನ ನಂತರ ಅದೇ ಹುದ್ದೆಗೆ ಬಂದ ಡೆರಿ ಒರೂರ್ಕ್ ಕೂಡ ಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿ 1998ರಲ್ಲಿ 12 ವರ್ಷಗಳ ಶಿಕ್ಷೆಗೆ ಗುರಿಯಾದ. ಆಗಷ್ಟೇ ಸರ್ಕಾರ ಎಚ್ಚೆತ್ತಿತು. ವಕೀಲ ರೋಡರಿಕ್ ಮರ್ಫಿ ಅವರ ತನಿಖಾ ವರದಿ ಅದೇ ವರ್ಷ ಬಂತು. ಪದಾಧಿಕಾರಿಗಳ ಕಿವಿಗೆ ವಿಷಯ ಬಿದ್ದಾಗಲೂ ತಕ್ಕ ಕ್ರಮ ಆಗಿರಲಿಲ್ಲವೆಂದು ಅದು ತಿಳಿಸಿತು. ಸರ್ಕಾರ ಅನುದಾನ ತಡೆಹಿಡಿಯಿತು. 1999ರಲ್ಲಿ ಸಂಸ್ಥೆ 'ಸ್ವಿಮ್ ಐರ್ಲೆಂಡ್' ಎಂದು ಹೆಸರು ಬದಲಿಸಿಕೊಂಡಿತು.

ಹೆಸರು ಬದಲಾಯಿಸುವುದು ಸುಲಭ. ಆದರೆ ತರಬೇತುದಾರ ತರುವ ಪದಕದಿಂದಲೇ ಪದಾಧಿಕಾರಿಗೆ ಮರ್ಯಾದೆ, ಸಂಸ್ಥೆಗೆ ಹಣ. ದೂರು ತಂದ ಮಗುವಿನ ಕೈಯಲ್ಲಿ ಏನಿದೆ? ಹಾಗಾಗಿ 'ನೋಡೋಣ' ಎಂಬ ಮಾತಿನಲ್ಲೇ ವರ್ಷಗಳು ಕಳೆಯುತ್ತವೆ. ಕೊನೆಗೆ ಆ ವಿಳಂಬವೇ ಆರೋಪಿಗೆ ಗುರಾಣಿಯಾಗುತ್ತದೆ. ಸುಮ್ಮನಿದ್ದವರು ಹಿರಿಯರು, ದಂಡ ತೆತ್ತವರು ಮಕ್ಕಳು.

ಗಿಬ್ನಿ ಅಮೆರಿಕದ ಫ್ಲಾರಿಡಾದಲ್ಲಿ ಮತ್ತೆ ಬಂಧಿತನಾದದ್ದು 2025ರಲ್ಲಿ, ಹೊಸ ಆರೋಪಗಳ ಮೇಲೆ. ಅಂದರೆ ಮೂರು ದಶಕಗಳ ನಂತರ!

ನಮ್ಮ ದೇಶದ 2012ರ ಪೋಕ್ಸೊ ಕಾಯ್ದೆ ಈ ಬಗ್ಗೆ ಸ್ಪಷ್ಟವಾಗಿದೆ. ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೂ ಜೈಲು. ದೂರನ್ನು ಕಮಿಟಿಯ ಕೋಣೆಯೊಳಗೆ ಇತ್ಯರ್ಥ ಮಾಡುವ ಅಧಿಕಾರ ಯಾವ ಕ್ರೀಡಾ ಸಂಸ್ಥೆಗೂ ಇಲ್ಲ. ಮಗುವನ್ನು ತರಬೇತಿಗೆ ಸೇರಿಸುವ ಮೊದಲು ಶುಲ್ಕವೆಷ್ಟೆಂದು ಕೇಳುವ ನಾವು, ದೂರಿದ್ದರೆ ಯಾರಿಗೆ ಕೊಡಬೇಕೆಂದೂ ಕೇಳೋಣ.