‘ಸಿಸ್ಟಮ್ಯಾಟಿಕಲಿ’ಯಲ್ಲಿ ಗುರು ಎಲ್ಲಿ, ಒತ್ತು ಎಲ್ಲಿ?

ಪವಾಯಿ, ಗೋರೆಗಾಂವ್ ಆಫೀಸುಗಳಲ್ಲಿ ನಮ್ಮವರನ್ನ ನಾನು ನೋಡ್ತಾ ಬಂದಿದ್ದೀನಿ. ಕೋಡ್ ಸೊಗಸಾಗಿ ಬರೀತಾರೆ, ಆದರೆ ಕಾಲ್‌ನಲ್ಲಿ ‘ಸಿಸ್ಟಮ್ಯಾಟಿಕಲಿ’ ಥರದ ಪದ ಬಂದರೆ ನಾಲಿಗೆ ತಡವರಿಸುತ್ತೆ. ಕೆಲವರು ಹೇಳಬೇಕಾದ ಮಾತನ್ನೇ ನುಂಗಿಬಿಡ್ತಾರೆ. ಇದು ದಡ್ಡತನ ಅಲ್ಲ, ಇದರ ಹಿಂದೆ ಒಂದು ಇತಿಹಾಸ ಇದೆ.

ಬಾಂಬೆ ಯೂನಿವರ್ಸಿಟಿ ಶುರುವಾದದ್ದು 1857ರಲ್ಲಿ. ಧಾರವಾಡ, ಬೆಳಗಾವಿ, ವಿಜಾಪುರ ಕಡೆಯ ಹುಡುಗರು ಮೆಟ್ರಿಕ್ ಪಾಸಾಗೋಕೆ ಅದರ ಪರೀಕ್ಷೆಯನ್ನೇ ಬರೆಯಬೇಕಿತ್ತು. ನನ್ನ ಲೆಕ್ಕದಲ್ಲಿ, ನಮ್ಮಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಕಿವಿಗಿಂತ ಮೊದಲು ಕಣ್ಣಿಗೆ ಬಂತು. ಕನ್ನಡವನ್ನು ಬರೆದ ಹಾಗೇ ಓದ್ತೀವಲ್ಲ, ಇಂಗ್ಲಿಷನ್ನೂ ಹಾಗೇ ಓದಿದೆವು.

ಪದವನ್ನು ಎಲ್ಲಿ ಒಡೀಬೇಕು ಅನ್ನೋ ಜಗಳ ಇಂಗ್ಲಿಷಿನವರಲ್ಲೂ ಇತ್ತು. 1740ರ ಥಾಮಸ್ ಡಿಲ್ವರ್ತ್ ಪುಸ್ತಕದ ಪದ್ಧತಿ ‘ಕ್ಲ-ಸ್ಟರ್’. 1783ರಲ್ಲಿ ಅಮೆರಿಕದ ನೋವಾ ವೆಬ್‌ಸ್ಟರ್, ಕಿವಿಗೆ ಕೇಳೋದು ‘ಕ್ಲಸ್-ಟರ್’ ಅಂತ ವಾದಿಸಿದ. ನಮ್ಮ ಲಿಪಿ ಡಿಲ್ವರ್ತ್ ಕಡೆ: ‘ಸ್ಟ’ ಒಂದೇ ಅಕ್ಷರ. ನಮ್ಮ ಛಂದಸ್ಸು ಮಾತ್ರ ವೆಬ್‌ಸ್ಟರ್ ಕಡೆ: ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರು. 10ನೇ ಶತಮಾನದ ಕೊನೆಯ ನಾಗವರ್ಮನ ‘ಛಂದೋಂಬುಧಿ’ಯ ಕಾಲಕ್ಕೇ ಈ ಲೆಕ್ಕ ನಮ್ಮಲ್ಲಿತ್ತು. ಪದ ಒಡೆಯೋದು ನಮಗೆ ಹೊಸದಲ್ಲ.

ಹೊಸದು ಸ್ಟ್ರೆಸ್, ಅಂದರೆ ಒತ್ತು. ಗುರು ಅಂದರೆ ಎರಡು ಮಾತ್ರೆಯ ಕಾಲ. ಒಂದು ಪದದಲ್ಲಿ ಎಷ್ಟು ಗುರು ಬೇಕಾದರೂ ಇರಬಹುದು. ಇಂಗ್ಲಿಷ್ ಪದದಲ್ಲಿ ಮುಖ್ಯ ಒತ್ತು ಒಂದೇ ಕಡೆ. ಸುತ್ತಲಿನ ಸ್ವರಗಳು ಕುಗ್ಗುತ್ತವೆ. ‘ಸಿಸ್ಟಂ’ನಲ್ಲಿ ಅದು ‘ಸಿಸ್’ ಮೇಲೆ. ಗ್ರೀಕ್, ಲ್ಯಾಟಿನ್ ಕಡೆಯಿಂದ ಬಂದ ‘-ಇಕ್’ ಸೇರಿದರೆ ಒತ್ತು ಅದರ ಹಿಂದಿನ ‘ಮ್ಯಾಟ್’ಗೆ ಜಿಗಿಯುತ್ತೆ. ‘-ಲಿ’ ಹಾಗಲ್ಲ, ಅದು ಇಂಗ್ಲಿಷಿನ ಹಳೇ ಮನೆಮಗ. ದೇಹ, ರೂಪ ಅನ್ನೋ ಅರ್ಥದ ಹಳೆಯ ಪದವೊಂದು ಸವೆದು ‘-ಲಿ’ ಆಯ್ತು. ನಮ್ಮ ‘ಕ್ರಮಬದ್ಧವಾಗಿ’ಯ ‘ಆಗಿ’ ಕೂಡ ಒಂದು ಪದವೇ, ‘ಆಗು’ ಕ್ರಿಯಾಪದದಿಂದ ಬಂದದ್ದು. ‘-ಲಿ’ ಸಾಮಾನ್ಯವಾಗಿ ಒತ್ತನ್ನು ಅಲುಗಾಡಿಸಲ್ಲ. ಬರವಣಿಗೆಯಲ್ಲಿ ಆರು ತುಂಡು, ಮಾತಿನಲ್ಲಿ ಐದೇ: ಸಿಸ್-ಟ-ಮ್ಯಾಟ್-ಇಕ್-ಲಿ.

ಹಾಗಾಗಿ ಉದ್ದ ಪದ ಎದುರಾದರೆ ಮೊದಲು ‘-ಲಿ’ ಕಳಚಿ. ಉಳಿದದ್ದರ ಒತ್ತು ಹುಡುಕಿ. ಆಮೇಲೆ ‘-ಲಿ’ ಅಂಟಿಸಿ. ಅಮೆರಿಕನ್ನರ ‘ನೆಸೆಸರಿಲಿ’ಯಂಥ ಕೆಲವು ಪದಗಳು ಮಾತ್ರ ಈ ಲೆಕ್ಕ ತಪ್ಪಿಸುತ್ತವೆ. ಶಾಲೆಯಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿದವರಿಗೆ ಇದೇನು ದೊಡ್ಡ ಕೆಲಸವಲ್ಲ. ಒಂದು ಪದಕ್ಕೆ ಹೆದರಿ ಮೀಟಿಂಗಿನಲ್ಲಿ ನಿಮ್ಮ ಒಳ್ಳೇ ಐಡಿಯಾ ನುಂಗಬೇಡಿ, ಅದನ್ನ ಇನ್ನೊಬ್ಬರು ಹೇಳಿಬಿಡ್ತಾರೆ.